ನೀಲಗಿರಿ ಲಿಲಿಯ ಆಸೆಯುಳ್ಳವರಿಗೆ

ಮಳೆಗಾಲದಲ್ಲಿ ಊಟಿ, ಕೊಡೈಕೆನಾಲ್ ಕಡೆ ಹೋದಾಗ ಹುಲ್ಲಿನ ಇಳಿಜಾರಿನಲ್ಲಿ ತುತ್ತೂರಿಯಾಕಾರದ ಉದ್ದನೆಯ ಬಿಳಿ ಹೂ ಕಂಡರೆ ಗುದ್ದಲಿ ಹುಡುಕಬೇಡಿ. ಅದು ನೀಲಗಿರಿ ಲಿಲಿ. ದಕ್ಷಿಣ ಭಾರತದ ನಿಜವಾದ ಕಾಡು ಲಿಲಿ ಇದೊಂದೇ. ಕಿತ್ತು ತಂದ ಗೆಡ್ಡೆ ದಾರಿಯಲ್ಲೇ ಒಣಗತೊಡಗುತ್ತದೆ, ಏಕೆಂದರೆ ಈರುಳ್ಳಿಗಿರುವಂಥ ಹೊರಸಿಪ್ಪೆ ಇದಕ್ಕಿಲ್ಲ.

ಬೀಜದಿಂದ ಬೆಳೆಸಿದ ಗಿಡ ನರ್ಸರಿಯಲ್ಲಿ ಸಿಕ್ಕರೆ ಕೊಳ್ಳಿ. ಎಲೆಗೊಬ್ಬರ ಬೆರೆತ, ನೀರು ನಿಲ್ಲದ, ತುಸು ಹುಳಿಮಣ್ಣು ಕೊಡಿ. ಇದರ ಕಾಂಡ ಮೇಲೇಳುವ ಮೊದಲು ಮಣ್ಣೊಳಗೇ ಅಡ್ಡಡ್ಡ ಅಲೆಯುವ ಚಾಳಿಯದು, ಹಾಗಾಗಿ ಕುಂಡ ಅಗಲವಾಗಿರಲಿ. ಕಾಂಡಕ್ಕೂ ಬೇರು ಬರುವುದರಿಂದ ಗೆಡ್ಡೆಯನ್ನು ಆಳದಲ್ಲೇ ನೆಡಿ. ನೀವೇ ಬೀಜ ಬಿತ್ತಿದರೆ ಹೂವಿಗೆ ಕೆಲವು ವರ್ಷ ಕಾಯಬೇಕು. ಮಡಿಕೇರಿಯ ತಂಪಿನಲ್ಲಾದರೆ ಪ್ರಯತ್ನಿಸಬಹುದು. ರಾಯಚೂರಿನ ಬಿಸಿಲಿಗೆ ಸುಗಂಧರಾಜವೇ ಸರಿ.