ತೋಬಿಯನ ಜೊತೆ ಹೊರಟ ನಾಯಿ

ಓದಬೇಕಾದ ಭಾಗ: ತೋಬಿತನ ಗ್ರಂಥ, 5, 6 ಮತ್ತು 11ನೇ ಅಧ್ಯಾಯಗಳು



ಅಕ್ಟೋಬರ್ 4 ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಅನೇಕ ಧರ್ಮಕೇಂದ್ರಗಳಲ್ಲಿ ಅಂದು ಸಾಕುಪ್ರಾಣಿಗಳನ್ನು ಗುಡಿಯ ಮುಂದೆ ತಂದು ಆಶೀರ್ವಾದ ಮಾಡಿಸುತ್ತಾರೆ. ಸಂತರ ಕಥೆ ನಿಮಗೆಲ್ಲ ಗೊತ್ತಿರುವುದೇ. ಆದ್ದರಿಂದ ಈ ಸಲದ ಪಾಠಕ್ಕೆ ಬೈಬಲಿನ ಒಂದು ನಾಯಿಯನ್ನು ಆರಿಸಿಕೊಂಡಿದ್ದೇವೆ. (ನೆರೆಯ ಪ್ರೊಟೆಸ್ಟೆಂಟ್ ಬಂಧುಗಳ ಬೈಬಲಿನಲ್ಲಿ ಸಾಮಾನ್ಯವಾಗಿ ಈ ಗ್ರಂಥ ಇರುವುದಿಲ್ಲ. ಅವರಿಗೆ ನಮ್ಮ ಪ್ರತಿಯನ್ನು ಕೊಟ್ಟು ಓದಿಸಿ.)

ತೋಬಿತ ಕಣ್ಣು ಕಳೆದುಕೊಂಡವನು, ಬಡತನಕ್ಕೆ ಬಿದ್ದವನು. ದೂರದ ಮೇದ್ಯ ದೇಶದಲ್ಲಿ ಒಬ್ಬರ ಬಳಿ ಇಟ್ಟಿದ್ದ ಬೆಳ್ಳಿಯ ಹಣ ತರಲು ಮಗ ತೋಬಿಯನನ್ನು ಕಳಿಸುತ್ತಾನೆ. ತಾಯಿ ಅನ್ನಳು ಅಳುತ್ತಾಳೆ. ಇದ್ದುದರಲ್ಲೇ ಬದುಕಬಹುದಿತ್ತಲ್ಲ, ಮಗನನ್ನು ಯಾಕೆ ಕಳಿಸಿದಿರಿ ಎಂದು ಗಂಡನನ್ನು ಕೇಳುತ್ತಾಳೆ. ದೇವದೂತ ರಫಾಯೇಲನು ಮನುಷ್ಯನ ವೇಷದಲ್ಲಿ ಹುಡುಗನಿಗೆ ಜೊತೆಯಾಗುತ್ತಾನೆ. ಮನೆಯ ನಾಯಿಯೂ ಹಿಂದೆ ಹೊರಡುತ್ತದೆ. ಅದಕ್ಕೆ ಹೆಸರಿಲ್ಲ, ಅದು ಯಾವ ಅದ್ಭುತವನ್ನೂ ಮಾಡುವುದಿಲ್ಲ. 11ನೇ ಅಧ್ಯಾಯದಲ್ಲಿ ಅವರು ಮನೆಗೆ ಮರಳುವಾಗ ಮತ್ತೆ ಜೊತೆಯಲ್ಲಿರುತ್ತದೆ, ಅಷ್ಟೇ.

ದುಡ್ಡಿಗಾಗಿ ದೂರ ಹೋಗುವ ಮಗ, ಮನೆಯಲ್ಲಿ ಉಳಿಯುವ ಮುದಿ ತಂದೆತಾಯಿ. ಆದವಾನಿ, ಕೋಸಿಗಿ, ಕೌತಾಳಂ, ಹೊಳಗುಂದದ ಕಡೆಯವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ಹಳ್ಳಿಗಳಿಂದ ಮನೆಮನೆಯೇ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೊರಡುತ್ತದೆ. ಎಮ್ಮೆಯನ್ನು ಯಾರ ಕೊಟ್ಟಿಗೆಯಲ್ಲಿ ಬಿಡುವುದೆಂದು ಮೊದಲೇ ಮಾತಾಗಿರುತ್ತದೆ. ನಾಯಿಯ ಮಾತು ಮಾತ್ರ ಬರುವುದಿಲ್ಲ.

ಎರಡು ವರ್ಷದ ಹಿಂದೆ ಜನವರಿಯಲ್ಲಿ ಕೋಸಿಗಿ ಕಡೆಯ ಒಂದು ಹಳ್ಳಿಗೆ ಮನೆಭೇಟಿಗೆ ಹೋಗಿದ್ದೆ. ಓಣಿಯ ತುಂಬ ಬೀಗ. ಒಂದು ಬಾಗಿಲ ಮುಂದೆ ಕಂದು ಬಣ್ಣದ ನಾಯಿಯೊಂದು ಮಲಗಿತ್ತು, ಪಕ್ಕೆಲುಬು ಎಣಿಸಬಹುದಿತ್ತು. ಎದುರು ಮನೆಯ ಅಜ್ಜಿಯನ್ನು ಕೇಳಿದೆ. "ಅವರು ಸುಗ್ಗಿಗೆ ಹೋಗ್ಯಾರಪ್ಪ. ಇದು ಬಾಗಲ ಬಿಟ್ಟು ಏಳವಲ್ದು," ಎಂದಳು. ಅವಳ ಮಕ್ಕಳೂ ಸುಗ್ಗಿಗೆ ಹೋಗಿದ್ದರು. ಮಾಡಿಕೊಂಡ ಎರಡು ರೊಟ್ಟಿಯಲ್ಲಿ ಅರ್ಧ ರೊಟ್ಟಿ ಅದಕ್ಕೆ ಹೋಗುತ್ತಿತ್ತು.

ನಾಯಿಯ ಅವಸ್ಥೆ ನೋಡಿ ಮರುಗಿದೆ ನಿಜ. ದಾರಿಯುದ್ದಕ್ಕೂ ಕಾಡಿದ್ದು ಮಾತ್ರ ಅಜ್ಜಿಯ ಅರ್ಧ ರೊಟ್ಟಿ. ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2416ರಿಂದ 2418ನೇ ಪರಿಚ್ಛೇದಗಳು ಇಲ್ಲಿ ಸಮತೂಕದಿಂದ ಮಾತಾಡುತ್ತವೆ. ಪ್ರಾಣಿಗಳು ದೇವರ ಸೃಷ್ಟಿ, ಅವುಗಳಿಗೆ ದಯೆ ತೋರುವುದು ನಮ್ಮ ಮೇಲಿರುವ ಋಣ, ಅವುಗಳನ್ನು ಕಾರಣವಿಲ್ಲದೆ ನರಳಿಸುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ ಎನ್ನುತ್ತದೆ ಗ್ರಂಥ. ಮನುಷ್ಯರ ಸಂಕಟ ನೀಗಿಸಲು ಮೊದಲು ಸಲ್ಲಬೇಕಾದ ಹಣವನ್ನು ಅವುಗಳಿಗೆ ಸುರಿಯುವುದೂ ತಪ್ಪು ಎಂದು ಅಲ್ಲೇ ಹೇಳುತ್ತದೆ. ಹೀಗಿರುವಾಗ ನಾವು ಬಿಟ್ಟುಹೋದ ನಾಯಿಯ ಹಸಿವು ಬಡ ಮುದುಕಿಯ ತಟ್ಟೆಗೆ ಬಂದು ಕೂತರೆ ಎರಡು ಕಡೆಯೂ ತಪ್ಪಿದಂತೆ.

ದೇಶದ ಕಾನೂನೂ ಇದನ್ನು ಅಪರಾಧವೆಂದೇ ಎಣಿಸುತ್ತದೆ. ಪ್ರಾಣಿಯೊಂದು ಹಸಿವು ನೀರಡಿಕೆಯಿಂದ ನರಳುವಂತೆ ಸಕಾರಣವಿಲ್ಲದೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಕಲಮಿಗೆ ಬರುತ್ತದೆ. ಆ ಕಾಯಿದೆ ಮೊದಲ ತಪ್ಪಿಗೆ ಇಟ್ಟ ದಂಡ 10ರಿಂದ 50 ರೂಪಾಯಿ. ಇವತ್ತು ಅಷ್ಟಕ್ಕೆ ಒಂದು ಪ್ಲೇಟ್ ಮಿರ್ಚಿ, ಒಂದು ಚಹಾ ಬಂದರೆ ಹೆಚ್ಚು! ದಂಡಕ್ಕೆ ಹೆದರಿ ಯಾರೂ ನಾಯಿ ಸಾಕುವುದಿಲ್ಲ.

ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು ಕೊಂಬಿಗೆ ಬಣ್ಣ ಬಳಿಯುವ ನಾಡು ನಮ್ಮದು. ವಿಮೋಚನಾಕಾಂಡ 23:12ರಲ್ಲಿ ದೇವರು ಎತ್ತು ಕತ್ತೆಗಳಿಗೂ ವಾರಕ್ಕೊಂದು ದಿನದ ವಿಶ್ರಾಂತಿ ಕೊಡಿಸುತ್ತಾರೆ. ದುಡಿಯುವ ಪ್ರಾಣಿಗೆ ಮರ್ಯಾದೆ ಕೊಡಲು ನಮಗೆ ಬರುತ್ತದೆ. ನಾಯಿ ಗಳೆ ಹೊಡೆಯುವುದಿಲ್ಲ, ಹಾಲು ಕೊಡುವುದಿಲ್ಲ, ಅದಕ್ಕೇ ಲೆಕ್ಕಕ್ಕಿಲ್ಲ. ತೋಬಿಯನ ನಾಯಿಯನ್ನು ಗ್ರಂಥಕರ್ತ ಲೆಕ್ಕಕ್ಕೆ ಹಿಡಿದನಲ್ಲ, ಅದನ್ನು ಗಮನಿಸಿ.

ಈಗ ಯುವಕರಿಗೆ ಒಂದು ಮಾತು. ಬೆಂಗಳೂರಿಗೆ ಹೋದವರು ಸಾವಿರಾರು ರೂಪಾಯಿ ಕೊಟ್ಟು ಹಸ್ಕಿ ಮರಿ ತರುವುದನ್ನು ಕೇಳಿದ್ದೇವೆ. ಹಿಮದ ಸೀಮೆಯ ಆ ಜೀವ, 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಏನು ಮಾಡಬೇಕು? ನಮ್ಮ ಬೀದಿಯ ಮರಿ ಈ ಬಿಸಿಲಿಗೆ ಹುಟ್ಟಿದ್ದು. ಕನ್ನಡ, ತೆಲುಗು, ಉರ್ದು ಮೂರರಲ್ಲಿ ಕರೆದರೂ ಬರುತ್ತದೆ. ಬೆಂಗಳೂರಲ್ಲೇ ಇರುವವರು ಅಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಮಹಿಳೆ 1991ರಲ್ಲಿ ಆರಂಭಿಸಿದ ಕ್ಯೂಪಾದಂಥ ಸಂಸ್ಥೆಗಳಿಂದ ಅನಾಥ ನಾಯಿಯನ್ನು ದತ್ತು ಪಡೆಯಬಹುದು. ಮರಿ ತಾಯಿಯ ಹತ್ತಿರ ಎಂಟು ವಾರವಾದರೂ ಇರಲಿ, ಕಣ್ಣು ಬಿಡುವ ಮೊದಲೇ ಎತ್ತಿಕೊಂಡು ಬರಬೇಡಿ. ಹೆಣ್ಣೆಂದು ಬಿಟ್ಟುಬರಲೂ ಬೇಡಿ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಮುಂದಿನ ಮರಿಗಳ ಚಿಂತೆ ಇರದು.

ಹುಚ್ಚುನಾಯಿ ರೋಗದ ಭಯ ಸುಳ್ಳಲ್ಲ. ಮನುಷ್ಯರಿಗೆ ಈ ರೋಗ ಬಹುಪಾಲು ನಾಯಿಯಿಂದಲೇ ಬರುತ್ತದೆ, ಬಲಿಯಾಗುವವರಲ್ಲಿ ಮಕ್ಕಳು ಹೆಚ್ಚು. ಮರಿಗೆ ಮೂರು ತಿಂಗಳಾದಾಗ ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ವರ್ಷವರ್ಷವೂ ಹಾಕಿಸಿ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ಎಲ್ಲ ಸೂಜಿಗಳನ್ನೂ ಮುಗಿಸಬೇಕು. ಸುಣ್ಣ, ಖಾರದ ಪುಡಿ ಬೇಡವೇ ಬೇಡ.

ಚೆನ್ನಾಗಿ ನೋಡಿಕೊಂಡ ನಾಯಿ 12-15 ವರ್ಷ ಬದುಕಬಹುದು. ಅಷ್ಟರಲ್ಲಿ ಎಷ್ಟು ಸುಗ್ಗಿ ಬರುತ್ತವೋ ಲೆಕ್ಕ ಹಾಕಿ. ಮರಿಯನ್ನು ಮನೆಗೆ ತರುವ ಮೊದಲೇ, ಊರಲ್ಲಿ ಉಳಿಯುವ ಒಂದು ಮನೆಯವರೊಡನೆ ಮಾತಾಡಿ, ಅದರ ಕೂಳಿನ ಖರ್ಚನ್ನು ನೀವೇ ಕೊಡಿ. ಆ ಮಾತು ಕುದುರದಿದ್ದರೆ ಮರಿ ತರಬೇಡಿ. ದಿನಾ ಬಾಗಿಲಲ್ಲಿ ಒಂದು ಬೋಗುಣಿ ನೀರಿಡಿ, ಅದೂ ದಯೆಯೇ.

ಆ ಹಳ್ಳಿಗೆ ಕಳೆದ ಸುಗ್ಗಿಯಲ್ಲಿ ಮತ್ತೆ ಹೋಗಿದ್ದೆ. ಎದುರು ಮನೆಗೆ ಬೀಗವೇ, ನಾಯಿ ಮಾತ್ರ ಅಜ್ಜಿಯ ಕಟ್ಟೆಯ ಮೇಲಿತ್ತು. ಹೊರಡುವ ಮುಂಚೆ ಆ ಮನೆಯವರು ಒಂದು ಚೀಲ ಜೋಳ ಇಳಿಸಿ, ಅರ್ಧ ನಿನಗೆ ಅರ್ಧ ಅದಕ್ಕೆ ಎಂದು ಹೇಳಿ ಹೋಗಿದ್ದರಂತೆ. "ಅರ್ಧ ಅಂತ ಅಳದು ಹಾಕಾಕ ನನಗ ಬರಂಗಿಲ್ಲಪ್ಪ," ಎಂದಳು ಅಜ್ಜಿ, "ಇಬ್ಬರೂ ಉಣ್ತೀವಿ."