ಆಟ ಬಿಟ್ಟ ಮೇಲೆ ದೇಹಕ್ಕೆ ಏನಾಗುತ್ತದೆ?

ಶಾಲೆಯ ವಾರ್ಷಿಕೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳಿಗೂ ಈಗಿನ ವಿದ್ಯಾರ್ಥಿಗಳಿಗೂ ಕಬಡ್ಡಿ ಪಂದ್ಯ ಏರ್ಪಡುವುದನ್ನು ನಾವು ನೋಡಿದ್ದೇವೆ. ಒಂದು ಕಾಲಕ್ಕೆ ತಾಲ್ಲೂಕಿಗೇ ಹೆಸರಾಗಿದ್ದ ಆಟಗಾರರು ಈಗ ನಲವತ್ತೈದು ದಾಟಿದ ಗೃಹಸ್ಥರು. ಆದರೂ ಪಂಚೆಯನ್ನು ಬಿಗಿದು ಕಟ್ಟಿ ಕಣಕ್ಕಿಳಿಯುತ್ತಾರೆ. ಮೊದಲ ಎರಡು ದಾಳಿಗಳಲ್ಲಿ ಹಳೆಯ ಚಮತ್ಕಾರವೆಲ್ಲ ಕಾಣುತ್ತದೆ. ಹೆಜ್ಜೆಯಿಡುವ ರೀತಿಯಾಗಲಿ, ಕೈ ಬೀಸುವ ರೀತಿಯಾಗಲಿ ಮರೆತಿರುವುದಿಲ್ಲ. ಮೂರನೆಯ ದಾಳಿಗೆ ಉಸಿರು ಸಾಲದು. ಸುತ್ತ ನಿಂತ ಹುಡುಗರು ನಗುತ್ತಾರೆ. "ವಯಸ್ಸಾಯಿತಪ್ಪ!" ಎನ್ನುತ್ತ ಆಟಗಾರರು ಸೊಂಟ ಹಿಡಿದುಕೊಂಡು ಹೊರಕ್ಕೆ ಬರುತ್ತಾರೆ.

ತಪ್ಪು ನಿಜವಾಗಿಯೂ ವಯಸ್ಸಿನದೇ? ಅವರ ಬಲವನ್ನು ಮುಪ್ಪು ಎಷ್ಟು ಕಸಿದುಕೊಂಡಿತು, ಇಪ್ಪತ್ತೈದು ವರ್ಷ ಕುರ್ಚಿಯ ಮೇಲೆ ಕುಳಿತದ್ದು ಎಷ್ಟು ಕಸಿದುಕೊಂಡಿತು? ಈ ಎರಡು ಬಾಬುಗಳನ್ನು ಬೇರ್ಪಡಿಸಿ ನೋಡುವುದು ಸುಲಭವಲ್ಲ. ಅದಕ್ಕೆ ಅದೇ ಮನುಷ್ಯನನ್ನು ಯೌವನದಲ್ಲೊಮ್ಮೆ, ನಡುವಯಸ್ಸಿನಲ್ಲೊಮ್ಮೆ ಒಂದೇ ಬಗೆಯ ಅಳತೆಗೆ ಒಳಪಡಿಸಬೇಕು. ಅಂಥ ಅವಕಾಶ ವಿಜ್ಞಾನಿಗಳಿಗೆ ದೊರೆಯುವುದು ಅಪರೂಪ. ಅಮೆರಿಕದ ಡಲ್ಲಾಸ್ ನಗರದಲ್ಲಿ ಅದು ದೊರೆಯಿತು.

1966ರಲ್ಲಿ ಅಲ್ಲಿನ ವೈದ್ಯಕೀಯ ವಿದ್ಯಾಲಯದ ಸಂಶೋಧಕರು ಸುಮಾರು ಇಪ್ಪತ್ತು ವರ್ಷದ ಐವರು ಆರೋಗ್ಯವಂತ ತರುಣರನ್ನು ಆರಿಸಿ, ಮೂರು ವಾರಗಳ ಕಾಲ ಹಾಸಿಗೆಯಲ್ಲೇ ಮಲಗಿಸಿದರು. ಇದಕ್ಕೆ ಮೊದಲೂ ಆಮೇಲೂ ಅವರನ್ನು ಓಡಿಸಿ, ಅತಿ ಹೆಚ್ಚಿನ ಶ್ರಮದಲ್ಲಿ ದೇಹವು ನಿಮಿಷಕ್ಕೆ ಎಷ್ಟು ಆಮ್ಲಜನಕವನ್ನು ಬಳಸಿಕೊಳ್ಳಬಲ್ಲದೆಂದು ಅಳೆದರು. ಎಂಜಿನ್ನಿನ ಶಕ್ತಿಯನ್ನು ಅದು ಉರಿಸುವ ಇಂಧನದಿಂದ ಅಂದಾಜು ಮಾಡುವಂತೆ, ದೇಹದ ದುಡಿಮೆಯ ಶಕ್ತಿಯನ್ನು ಈ ಪ್ರಮಾಣದಿಂದ ಅಳೆಯುವುದು ವಾಡಿಕೆ. ಮಲಗುವ ಮೊದಲು ಸರಾಸರಿ 3.3 ಲೀಟರ್ ಇದ್ದದ್ದು ಮೂರು ವಾರಗಳ ತರುವಾಯ 2.4 ಲೀಟರಿಗೆ ಇಳಿದಿತ್ತು. ಕಾಲುಭಾಗಕ್ಕೂ ಹೆಚ್ಚು ಶಕ್ತಿ ಹಾಸಿಗೆಯಲ್ಲೇ ಸೋರಿಹೋಗಿತ್ತು! ಆಮೇಲೆ ಎಂಟು ವಾರ ಕಠಿಣ ವ್ಯಾಯಾಮ ಮಾಡಿಸಿದಾಗ ಅದು 3.9 ಲೀಟರಿಗೆ ಏರಿತು.

ಮೂವತ್ತು ವರ್ಷಗಳು ಕಳೆದವು. 1996ರಲ್ಲಿ ಅದೇ ಐವರನ್ನು ಮತ್ತೆ ಕರೆಸಿದರು. ಆಗ ಅವರಿಗೆ ಐವತ್ತು. ಸರಾಸರಿ ತೂಕ 77 ಕಿಲೋಗ್ರಾಂನಿಂದ 100ಕ್ಕೆ ಏರಿತ್ತು. ಮೈಯಲ್ಲಿನ ಕೊಬ್ಬಿನ ಪಾಲು ಶೇಕಡಾ 14ರಿಂದ 28 ಆಗಿತ್ತು. ಆಮ್ಲಜನಕದ ಅಳತೆಯಾದರೋ 2.9 ಲೀಟರ್. ಈ ಅಂಕಿಯನ್ನು ಹಿಂದಿನ 2.4ರೊಡನೆ ಹೋಲಿಸಿ ನೋಡಬೇಕು. ಮೂವತ್ತು ವರ್ಷಗಳ ಆಯುಸ್ಸು ಮಾಡಿದ್ದಕ್ಕಿಂತ ಹೆಚ್ಚಿನ ಹಾನಿಯನ್ನು ತಾರುಣ್ಯದಲ್ಲಿನ ಮೂರು ವಾರಗಳ ನಿಶ್ಚಲತೆ ಮಾಡಿತ್ತು.

ಐವರೇ ಐವರ ಮೇಲೆ ನಡೆದ ಪ್ರಯೋಗವಿದು. ಇದೊಂದರಿಂದಲೇ ಜಗತ್ತಿಗೆಲ್ಲ ನಿಯಮ ಹೇಳಲಾಗದು. ಮೇಲಾಗಿ ಇಲ್ಲಿ ಇನ್ನೊಂದು ಲೆಕ್ಕವನ್ನು ಮರೆಯಬಾರದು. 3.3 ಲೀಟರನ್ನು 77ರಿಂದ ಭಾಗಿಸಿದರೆ ಮೈತೂಕದ ಪ್ರತಿ ಕಿಲೋಗ್ರಾಂಗೆ ಸುಮಾರು 43 ಮಿಲಿಲೀಟರ್ ಬರುತ್ತದೆ, 2.9 ಲೀಟರನ್ನು 100ರಿಂದ ಭಾಗಿಸಿದರೆ ಬರುವುದು 29 ಮಾತ್ರ. ಎಂಜಿನ್ನು ಅಷ್ಟೇನೂ ಸವೆದಿಲ್ಲ, ಆದರೆ ಅದು ಎಳೆಯಬೇಕಾದ ಹೊರೆ ಬೆಳೆದಿದೆ. ಕಬಡ್ಡಿಯ ಹಳೆಯ ಹುಲಿ ಮೂರನೆಯ ದಾಳಿಗೆ ಏದುವುದೇಕೆಂಬುದು ಈ ಭಾಗಾಕಾರದಲ್ಲಿಯೇ ಇದೆ.

ಮುಪ್ಪು ಏನನ್ನೂ ಮಾಡುವುದಿಲ್ಲವೆಂದು ನಾವು ಹೇಳುತ್ತಿಲ್ಲ. ಹೃದಯದ ಗರಿಷ್ಠ ಮಿಡಿತವು ವರ್ಷಗಳೊಡನೆ ಇಳಿಯುತ್ತ ಹೋಗುವುದು ನಿಶ್ಚಯ. ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆದರೆ ಅದರ ಸರಾಸರಿ ಅಂದಾಜು ಸಿಗುತ್ತದೆ: ಇಪ್ಪತ್ತರ ತರುಣನಿಗೆ ನಿಮಿಷಕ್ಕೆ 194, ಅರವತ್ತರ ಹಿರಿಯರಿಗೆ 166. ಯಾವ ವ್ಯಾಯಾಮವೂ ಈ ಇಳಿತವನ್ನು ತಡೆಯಲಾರದು. ಹಾಗಾದರೆ ಐವತ್ತರಲ್ಲಿ ವ್ಯಾಯಾಮ ಆರಂಭಿಸಿ ಫಲವೇನು? ಡಲ್ಲಾಸಿನ ಐವರು ಆರು ತಿಂಗಳ ಕಾಲ ನಡಿಗೆ, ಮೆಲ್ಲೋಟ, ಸೈಕಲ್ ಸವಾರಿಗಳನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ವಾರಕ್ಕೆ ಸುಮಾರು ನಾಲ್ಕೂವರೆ ಗಂಟೆಗೆ ತಂದರು. ಅವರ ಅಳತೆ 3.3 ಲೀಟರಿಗೆ, ಎಂದರೆ ಇಪ್ಪತ್ತನೆಯ ವಯಸ್ಸಿನಲ್ಲಿ ಇದ್ದಲ್ಲಿಗೇ, ಮರಳಿತು. ಹುಡುಗರಾಗಿದ್ದಾಗ ವ್ಯಾಯಾಮದಿಂದ ಗಳಿಸಿದ್ದ 3.9ನ್ನು ಮಾತ್ರ ಮುಟ್ಟಲಿಲ್ಲ. ಸೋಜಿಗವೆಂದರೆ, ಹೃದಯವು ಗರಿಷ್ಠ ಶ್ರಮದಲ್ಲಿ ಹೊರದೂಡುವ ರಕ್ತದ ಪ್ರಮಾಣ ಈ ಸಲ ಹೆಚ್ಚಲಿಲ್ಲ. ಹರಿದು ಬಂದಷ್ಟೇ ರಕ್ತದಿಂದ ಹೆಚ್ಚು ಆಮ್ಲಜನಕವನ್ನು ಹೀರಿಕೊಳ್ಳಲು ಸ್ನಾಯುಗಳು ಕಲಿತಿದ್ದವು. ಕಾಲುವೆಯಲ್ಲಿ ಬರುವ ನೀರು ಹೆಚ್ಚದಿದ್ದರೂ ಒಕ್ಕಲಿಗನು ಬದುಗಳನ್ನು ಸರಿಪಡಿಸಿ ಫಸಲು ಹೆಚ್ಚಿಸಿಕೊಳ್ಳುವಂತೆ.

ಚಿಕ್ಕಂದಿನಲ್ಲಿ ಬೇಕಾದಷ್ಟು ಆಡಿದವರಿಗೆ ಆ ಪುಣ್ಯ ಕಡೆಯವರೆಗೂ ಕಾಯುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದನ್ನು ಪರೀಕ್ಷಿಸಿದವರು ರಾಲ್ಫ್ ಪ್ಯಾಫೆನ್‌ಬಾರ್ಗರ್ ಎಂಬ ವೈದ್ಯರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದ್ದ 16,936 ಪುರುಷರ ವೃತ್ತಾಂತವನ್ನು ಕಲೆಹಾಕಿ 1978ರಲ್ಲಿ ಅವರು ಫಲಿತಾಂಶವನ್ನು ಪ್ರಕಟಿಸಿದರು. ವಿಶ್ವವಿದ್ಯಾಲಯದ ತಂಡಗಳಲ್ಲಿ ಆಡಿ, ಆಮೇಲೆ ಮೈಗಳ್ಳರಾದವರಿಗೆ ಹೃದಯಾಘಾತದಿಂದ ವಿಶೇಷ ರಕ್ಷಣೆಯೇನೂ ಸಿಕ್ಕಿರಲಿಲ್ಲ. ಹಳೆಯ ಆಟಗಾರರಲ್ಲಿ ಚಟುವಟಿಕೆಯನ್ನು ಮುಂದುವರಿಸಿದವರಿಗೆ ಮಾತ್ರ ಅದು ಸಿಕ್ಕಿತ್ತು. ಇನ್ನು ಕಾಲೇಜಿನಲ್ಲಿ ಚೆಂಡನ್ನೇ ಮುಟ್ಟದಿದ್ದು, ನಡುವಯಸ್ಸಿನಲ್ಲಿ ಚುರುಕಾದವರು? ಅವರಿಗೂ ಲಾಭ ದೊರೆತಿತ್ತು. ಪ್ಯಾಫೆನ್‌ಬಾರ್ಗರ್ ಸ್ವತಃ ಓಟ ಆರಂಭಿಸಿದ್ದು ನಲವತ್ತು ದಾಟಿದ ಮೇಲೆ. ಮುಂದೆ ಅವರು ಮ್ಯಾರಥಾನ್‌ಗಳನ್ನೂ ಅದಕ್ಕಿಂತ ದೀರ್ಘವಾದ ಓಟಗಳನ್ನೂ ಓಡಿದರು.

ಹಳೆಯ ಆಟಗಾರರಿಗೇ ಮೀಸಲಾದ ಒಂದು ಅಪಾಯವೂ ಉಂಟು. ಎಂದೂ ಆಡದವನು ಮತ್ತೆ ಆರಂಭಿಸುವಾಗ ಅಂಜುತ್ತಾನೆ, ಆಡಿದವನು ಅಂಜುವುದಿಲ್ಲ. ಕೌಶಲ ಮಿದುಳಿನಲ್ಲಿ ನೆಲೆಸಿರುತ್ತದೆ, ಅದು ಬೇಗ ಅಳಿಯುವುದಿಲ್ಲ. ಆದರೆ ಇಪ್ಪತ್ತರ ಮಿದುಳು ಕೊಟ್ಟ ಆಜ್ಞೆಯನ್ನು ನಲವತ್ತೈದರ ಸ್ನಾಯುರಜ್ಜು ಪಾಲಿಸಬೇಕಲ್ಲ! ಸ್ನಾಯುಗಳು ಕೆಲವೇ ವಾರಗಳಲ್ಲಿ ಬಲಗೊಂಡಾವು. ಅವನ್ನು ಎಲುಬಿಗೆ ಬಿಗಿಯುವ ರಜ್ಜುಗಳಿಗೆ ರಕ್ತದ ಪೂರೈಕೆ ಕಡಿಮೆಯಾದ್ದರಿಂದ ಅವು ಹದಗೊಳ್ಳಲು ತಿಂಗಳುಗಳೇ ಬೇಕು. ಹಿಮ್ಮಡಿಯ ಮೇಲಿನ ದಪ್ಪ ರಜ್ಜು ಒಮ್ಮೆಲೇ ಹರಿಯುವುದು ಹೆಚ್ಚಾಗಿ ಇಂಥವರಲ್ಲಿ, ಇಂಥ ಉತ್ಸವದ ಪಂದ್ಯಗಳಲ್ಲಿ. ಆದ್ದರಿಂದ ಮರಳಿ ಕಣಕ್ಕಿಳಿಯುವ ಮೊದಲು ಕೆಲವು ತಿಂಗಳು ಬಿರುಸಾಗಿ ನಡೆದು ಮೈಯನ್ನು ಹದಗೊಳಿಸಿಕೊಳ್ಳಬೇಕು. ಎದೆನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿರುವವರು ಮೊದಲು ವೈದ್ಯರನ್ನು ಕಾಣಬೇಕು. ಮನೆಯಲ್ಲಿ ತಂದೆಯವರು ಹಳೆಯ ಬ್ಯಾಟನ್ನು ಹುಡುಕುತ್ತಿದ್ದರೆ ನಮ್ಮ ವಿದ್ಯಾರ್ಥಿ ವಾಚಕರು ಈ ಮಾತನ್ನು ಅವರ ಕಿವಿಗೆ ಹಾಕುವುದೊಳ್ಳೆಯದು.

ಅಜ್ಜ ಅಜ್ಜಿಯರಿಗೆ ಮಾತ್ರ ಕಾಲ ಮಿಂಚಿಹೋಯಿತೇ? 1990ರಲ್ಲಿ ಬಾಸ್ಟನ್ ನಗರದ ಸಂಶೋಧಕರು ಒಂದು ವೃದ್ಧಾಶ್ರಮದಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಮಂದಿಯ ವಿಷಯವನ್ನು ಪ್ರಕಟಿಸಿದರು. ಅವರಲ್ಲಿ ಹೆಂಗಸರೂ ಇದ್ದರು. ತೊಡೆಯ ಸ್ನಾಯುಗಳಿಗಾಗಿ ಅವರಿಂದ ಎಂಟು ವಾರ ಭಾರ ಎತ್ತಿಸಲಾಯಿತು. ಒಬ್ಬರು ಅರ್ಧಕ್ಕೇ ಬಿಟ್ಟರು. ಉಳಿದವರ ಕಾಲುಗಳ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ಇಬ್ಬರು ಊರುಗೋಲನ್ನೇ ಬದಿಗಿಟ್ಟು ನಡೆದರು. ಬಳಿಕ ಅಭ್ಯಾಸವನ್ನು ನಿಲ್ಲಿಸಿ ನೋಡಿದಾಗ, ನಾಲ್ಕೇ ವಾರಗಳಲ್ಲಿ ಆ ಬಲದಲ್ಲಿ ಶೇಕಡಾ 32ರಷ್ಟು ಇಳಿದುಹೋಗಿತ್ತು.