ಮೊದಲು ಪೆಟ್ರೋಲ್, ಆಮೇಲೆ ಬೂಸ್ಟ್: ಆರ್‌ಎಕ್ಸ್-7 ಫ್ಯೂಯೆಲ್ ಪಂಪ್ ಅಪ್‌ಗ್ರೇಡಿಗೆ 9 ಸೂತ್ರಗಳು

ನಮ್ಮ ಕಡೆ ಮಜ್ದಾ ಎಂದರೆ ಸ್ವರಾಜ್ ಮಜ್ದಾ ಮಿನಿ ಬಸ್ಸು ನೆನಪಾಗುತ್ತದೆ. ಅದೇ ಮಜ್ದಾ ಹಿರೋಷಿಮಾದಲ್ಲಿ 1991ರಿಂದ 2002ರವರೆಗೆ ಒಂದು ಸ್ಪೋರ್ಟ್ಸ್ ಕಾರು ತಯಾರಿಸಿತು. ಹೆಸರು ಆರ್‌ಎಕ್ಸ್-7, ಮೂರನೇ ತಲೆಮಾರು. ಕಾರು ಪ್ರಿಯರು ಅದನ್ನು ಬರೀ ‘ಎಫ್‌ಡಿ’ ಎನ್ನುತ್ತಾರೆ. ಅದರ 13ಬಿ-ಆರ್‌ಇಡಬ್ಲ್ಯು ಎಂಜಿನ್‌ನಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ತ್ರಿಕೋನಾಕಾರದ ಎರಡು ರೋಟರ್, ಎರಡು ಟರ್ಬೊ, ಒಟ್ಟು 1308 ಸಿಸಿ. ಅಮೆರಿಕದಲ್ಲಿ ಮಾರಿದ ಕಾರಿಗೆ 255 ಹಾರ್ಸ್‌ಪವರ್ ಇತ್ತು. ಜಪಾನಿನಲ್ಲಿ ಕೊನೆಕೊನೆಗೆ 280 ಮುಟ್ಟಿತು.

ಮೆಲ್ಬರ್ನ್, ಆಕ್ಲೆಂಡ್, ಕ್ಯಾಲಿಫೋರ್ನಿಯಾ ಕಡೆ ಕೆಲಸಕ್ಕೆ ಹೋಗಿ ಇಂಥದ್ದೊಂದು ಕಾರಿಗೆ ದುಡ್ಡು ಕೂಡಿಸುತ್ತಿದ್ದೀರಾ? ಇಲ್ಲೇ ಆಟೊಮೊಬೈಲ್ ಎಂಜಿನಿಯರಿಂಗ್ ಓದುತ್ತ, ಮುಂದೆ ಟ್ಯೂನಿಂಗ್ ಲೈನಿಗೇ ಹೋಗಬೇಕೆಂದು ನಿರ್ಧರಿಸಿದ್ದೀರಾ? ಹಾಗಾದರೆ ಇದು ನಿಮಗೇ.

1. ಗುರಿಯನ್ನು ಸಂಖ್ಯೆಯಲ್ಲಿ ಬರೆಯಿರಿ.

‘ಪವರ್ ಜಾಸ್ತಿ ಬೇಕು’ ಎನ್ನುವುದು ಗುರಿಯಲ್ಲ. ‘400 ಹಾರ್ಸ್‌ಪವರ್, ಎಂಜಿನ್‌ನಲ್ಲಿ’ ಎನ್ನುವುದು ಗುರಿ. ಎಂಜಿನ್‌ನಲ್ಲೋ ಚಕ್ರದಲ್ಲೋ ಎಂಬುದನ್ನೂ ಬರೆಯಿರಿ. ಡೈನೊ ಸಾಮಾನ್ಯವಾಗಿ ಅಳೆಯುವುದು ಚಕ್ರಕ್ಕೆ ತಲುಪಿದ್ದನ್ನು. ಗೇರ್‌ಬಾಕ್ಸ್, ಡಿಫರೆನ್ಷಿಯಲ್ ದಾರಿಯಲ್ಲೇ ತಮ್ಮ ಪಾಲು ತಿಂದಿರುತ್ತವೆ. ಸಂಖ್ಯೆ ಇಲ್ಲದೆ ಪಂಪ್ ಕೊಂಡವರು ಒಂದೋ ಚಿಕ್ಕದು ಕೊಳ್ಳುತ್ತಾರೆ, ಇಲ್ಲವೇ ಜಂಬಕ್ಕೆ ದೊಡ್ಡದು ಕೊಳ್ಳುತ್ತಾರೆ.

2. ಏಕೆ ಮಾಡುತ್ತಿದ್ದೀರಿ ಎಂಬುದು ತಿಳಿದಿರಲಿ.

ಪಂಪ್ ಬದಲಾಯಿಸಿದ ಮಾತ್ರಕ್ಕೆ ಒಂದು ಹಾರ್ಸ್‌ಪವರ್ ಕೂಡ ಹೆಚ್ಚುವುದಿಲ್ಲ. ಪವರ್ ಹೆಚ್ಚಿಸಿದಾಗ ಎಂಜಿನ್ ಉಳಿಯಲಿ ಎಂದು ಈ ಕೆಲಸ. ಬೂಸ್ಟ್ ಏರಿಸಿದರೆ ಒಳಗೆ ಗಾಳಿ ಹೆಚ್ಚುತ್ತದೆ. ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬರದಿದ್ದರೆ ಮಿಕ್ಸ್ಚರ್ ಲೀನ್. ಫುಲ್ ಬೂಸ್ಟ್‌ನಲ್ಲಿ ಲೀನ್ ಆದರೆ ಡಿಟೊನೇಶನ್. ರೋಟರಿನ ಮೂರು ತುದಿಗಳಲ್ಲಿ ಕೂತಿರುವ 2 ಮಿ.ಮೀ. ದಪ್ಪದ ಅಪೆಕ್ಸ್ ಸೀಲ್ ಆ ಹೊಡೆತ ತಡೆಯುವುದಿಲ್ಲ, ಮುರಿಯುತ್ತದೆ. ಮುರಿದ ಚೂರು ಎಕ್ಸಾಸ್ಟ್ ಪೋರ್ಟ್‌ನಿಂದ ಹಾರಿ ಟರ್ಬೊವನ್ನೂ ಕೆಡಿಸಬಹುದು. ಎಂಜಿನ್ ಇಳಿಸಿ ಬಿಚ್ಚದೆ ಇದಕ್ಕೆ ರಿಪೇರಿ ಇಲ್ಲ. ಪಿಸ್ಟನ್ ಎಂಜಿನ್ ಒಂದೆರಡು ಸಲ ಕ್ಷಮಿಸೀತು. ರೋಟರಿ ಕ್ಷಮಿಸುವುದಿಲ್ಲ.

3. ಲೆಕ್ಕ ಹಾಕಿ. ಕ್ಯಾಲ್ಕುಲೇಟರ್ ಸಾಕು.

ರೋಟರಿ ಎಂಜಿನ್ ಪೆಟ್ರೋಲ್ ಕುಡಿಯುವುದರಲ್ಲಿ ಹೆಸರುವಾಸಿ. ಅದರ ಕಂಬಶನ್ ಚೇಂಬರ್ ಉದ್ದ, ತೆಳು, ಜೊತೆಗೆ ಚಲಿಸುತ್ತಲೂ ಇರುತ್ತದೆ. ಶಾಖ ಗೋಡೆಗೆ ಸೋರಿ ಹೋಗುತ್ತದೆ. ಟರ್ಬೊ ರೋಟರಿಗೆ ಒಂದು ಹಾರ್ಸ್‌ಪವರ್‌ಗೆ ಗಂಟೆಗೆ ಸುಮಾರು 300 ಗ್ರಾಂ ಪೆಟ್ರೋಲ್ ಎಂದು ಹಿಡಿಯಿರಿ. 400 ಹಾರ್ಸ್‌ಪವರ್‌ಗೆ 120 ಕೆ.ಜಿ. ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ ತೂಗುತ್ತದೆ. ಅಲ್ಲಿಗೆ ಗಂಟೆಗೆ 162 ಲೀಟರ್. ಇದರ ಮೇಲೆ ಕಾಲು ಭಾಗ ಮಾರ್ಜಿನ್ ಇಡಿ: 200 ಲೀಟರ್.

ಈಗ ಇಂಜೆಕ್ಟರ್ ಕಡೆ ತಿರುಗಿ. ಎಫ್‌ಡಿಯಲ್ಲಿ ನಾಲ್ಕು ಇಂಜೆಕ್ಟರ್: ಪ್ರೈಮರಿ ಎರಡು, ತಲಾ ನಿಮಿಷಕ್ಕೆ 550 ಸಿಸಿ, ಸೆಕೆಂಡರಿ ಎರಡು, ತಲಾ 850 ಸಿಸಿ. ಕೂಡಿಸಿದರೆ 2800 ಸಿಸಿ, ಅಂದರೆ ಗಂಟೆಗೆ 168 ಲೀಟರ್. ಆದರೆ ಇಂಜೆಕ್ಟರನ್ನು ನೂರಕ್ಕೆ ನೂರು ತೆರೆದಿಟ್ಟು ಓಡಿಸುವಂತಿಲ್ಲ; 85 ಪರ್ಸೆಂಟ್ ಡ್ಯೂಟಿ ಎಂದರೆ ಉಳಿಯುವುದು 143 ಲೀಟರ್. ಮೇಲಿನ ಲೆಕ್ಕದಲ್ಲಿ ಇದು ಸುಮಾರು 350 ಹಾರ್ಸ್‌ಪವರ್‌ಗೆ ಸಮ. ಹಾಗಾಗಿ 400 ನಿಮ್ಮ ಗುರಿಯಾದರೆ ಪಂಪ್ ಜೊತೆ ಇಂಜೆಕ್ಟರೂ ಬದಲಾಗಬೇಕು. ಆ ಖರ್ಚು ಇವತ್ತೇ ಬಜೆಟ್‌ಗೆ ಸೇರಿಸಿ. ಇ85 ಹಾಕುವ ಯೋಚನೆ ಇದ್ದರೆ ಎಲ್ಲಕ್ಕೂ ಇನ್ನೂ ಮೂರನೇ ಒಂದು ಭಾಗ ಸೇರಿಸಿ. ಎಥನಾಲ್‌ಗೆ ಅಷ್ಟು ಹೆಚ್ಚು ಪ್ರಮಾಣ ಬೇಕು.

4. ಡಬ್ಬಿಯ ಮೇಲಿನ ನಂಬರ್ ಬಿಡಿ, ಗ್ರಾಫ್ ಓದಿ.

‘255 ಲೀಟರ್’, ‘340 ಲೀಟರ್’ ಎಂದು ಪಂಪ್ ಮೇಲೆ ಬರೆದಿರುತ್ತಾರೆ. ಅದು ಒಂದು ನಿರ್ದಿಷ್ಟ ಪ್ರೆಶರ್‌ನಲ್ಲಿ, ಒಂದು ನಿರ್ದಿಷ್ಟ ವೋಲ್ಟೇಜ್‌ನಲ್ಲಿ ಮಾತ್ರ ನಿಜ. ಬೋರ್‌ವೆಲ್ ಕಂಡವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಆಳ ಹೆಚ್ಚಿದಂತೆ ನೀರು ಕಡಿಮೆ, ಲೋ ವೋಲ್ಟೇಜ್ ಆದರೆ ಮತ್ತೂ ಕಡಿಮೆ. ಬೇಸ್ ಪ್ರೆಶರ್ 3 ಬಾರ್, ಬೂಸ್ಟ್ 1 ಬಾರ್ ಎಂದಿಟ್ಟುಕೊಳ್ಳಿ. ಪಂಪ್ ತಳ್ಳಬೇಕಾದದ್ದು 4 ಬಾರ್ ವಿರುದ್ಧ. ತಯಾರಕರ ಗ್ರಾಫ್‌ನಲ್ಲಿ 4 ಬಾರ್ ಗೆರೆ ಹುಡುಕಿ, ಅಲ್ಲಿ ನಿಮ್ಮ 200 ಲೀಟರ್ ಇದೆಯೇ ನೋಡಿ.

ಎಫ್‌ಡಿ ಮಂದಿ ಹೆಚ್ಚಾಗಿ ಹಾಕುವುದು ಟೊಯೊಟಾ ಸುಪ್ರಾ ಟರ್ಬೊದ ಡೆನ್ಸೊ ಪಂಪ್, ವಾಲ್‌ಬ್ರೊ 255, ಎಇಎಂ 340, ದೊಡ್ಡ ಆಸೆ ಇದ್ದವರು ವಾಲ್‌ಬ್ರೊ 450. ನನ್ನ ಮತ: 400 ಗುರಿಗೆ 255 ವರ್ಗದ್ದು ತೀರಾ ಅಂಚಿನಲ್ಲಿ ನಿಲ್ಲುತ್ತದೆ, 340 ವರ್ಗ ಸರಿಹೊಂದುತ್ತದೆ, 450 ಅನವಶ್ಯಕ ತಲೆನೋವು. ಯಾವುದೇ ಆಗಲಿ, ನಂಬುವ ಡೀಲರ್ ಹತ್ತಿರವೇ ಕೊಳ್ಳಿ. ಹೆಸರಾಂತ ಪಂಪ್‌ಗಳಿಗೆಲ್ಲ ಡೂಪ್ಲಿಕೇಟ್ ಇವೆ.

5. ವೈರಿಂಗ್‌ಗೆ ಪಂಪ್‌ನಷ್ಟೇ ಗೌರವ ಕೊಡಿ.

ಹೆಚ್ಚಿನವರು ಸೋಲುವುದು ಇಲ್ಲೇ. ಕಂಪನಿ ಫಿಟಿಂಗ್‌ನಲ್ಲಿ ಎಫ್‌ಡಿ ಪಂಪ್‌ಗೆ ಎರಡು ಸ್ಪೀಡ್. ಲೋಡ್ ಇಲ್ಲದಾಗ ಕರೆಂಟ್ ಒಂದು ರೆಸಿಸ್ಟರ್ ದಾಟಿ ಬರುತ್ತದೆ, ಪಂಪ್ ನಿಧಾನ. ಲೋಡ್ ಬಿದ್ದಾಗ ರಿಲೇ ಬದಲಾಗಿ ಪೂರ್ತಿ ವೋಲ್ಟೇಜ್. ಆ ‘ಪೂರ್ತಿ’ ಕೂಡ ಹಳೆಯ ಸಣ್ಣ ತಂತಿಯಲ್ಲಿ ಸವೆದು ಬರುತ್ತದೆ. ದೊಡ್ಡ ಪಂಪ್ 15 ಆಂಪಿಯರ್ ಆಸುಪಾಸು ಎಳೆಯಬಹುದು. ಹಳೆಯ ಕನೆಕ್ಟರ್ ಬಿಸಿಯಾಗಿ ಕರಗುವ ಸಾಧ್ಯತೆ ಇದೆ.

ಹೀಗೆ ಮಾಡಿ. ಬ್ಯಾಟರಿಯಿಂದ ನೇರವಾಗಿ 4 ಸ್ಕ್ವೇರ್ ಎಂಎಂ ತಂತಿ ಎಳೆಯಿರಿ. ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಿ. ಹಿಂದೆ ಒಂದು ಹೊಸ ರಿಲೇ ಕೂರಿಸಿ. ಅರ್ಥ್ ತಂತಿಯೂ ಅಷ್ಟೇ ದಪ್ಪವಿರಲಿ, ಪೇಂಟ್ ಕೆರೆದ ಬರಿ ಲೋಹಕ್ಕೆ ಬಿಗಿಯಿರಿ. ಹೊಸ ರಿಲೇಗೆ ಸಿಗ್ನಲ್ ಮಾತ್ರ ಹಳೆಯ ಪಂಪ್ ತಂತಿಯಿಂದಲೇ ಕೊಡಿ. ಎಂಜಿನ್ ನಿಂತರೆ ಇಸಿಯು ಪಂಪ್ ನಿಲ್ಲಿಸುವ ವ್ಯವಸ್ಥೆ ಆಗ ಹಾಗೇ ಉಳಿಯುತ್ತದೆ. ಅಪಘಾತದಲ್ಲಿ ಪೈಪ್ ಒಡೆದಾಗಲೂ ಪಂಪ್ ಪೆಟ್ರೋಲ್ ಚಿಮ್ಮಿಸುತ್ತಿದ್ದರೆ ಗತಿಯೇನು? ಸ್ವಿಚ್ಚಿಗೆ ನೇರ ಕನೆಕ್ಷನ್ ಕೊಡುವ ಜಾಣತನ ಬೇಡವೇ ಬೇಡ. ಕೆಲಸ ಮುಗಿದ ಮೇಲೆ ಪಂಪ್ ಓಡುತ್ತಿರುವಾಗಲೇ ಅದರ ತಂತಿ ತುದಿಯಲ್ಲಿ ಮಲ್ಟಿಮೀಟರ್ ಹಿಡಿಯಿರಿ. ಬ್ಯಾಟರಿಗೂ ಪಂಪ್‌ಗೂ ಅರ್ಧ ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಒಂದೊಂದೇ ಜಾಯಿಂಟ್ ಹಿಡಿದು ಹುಡುಕಿ.

6. ಬೆಂಕಿಯ ಮುಂದೆ ಧೈರ್ಯ ತೋರಿಸಬೇಡಿ.

ಮೊದಲು ಪ್ರೆಶರ್ ಇಳಿಸಿ: ಪಂಪ್ ರಿಲೇ ಕಿತ್ತು, ಎಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ. ಆಮೇಲೆ ಬ್ಯಾಟರಿ ನೆಗೆಟಿವ್ ತೆಗೆಯಿರಿ. ಗಾಳಿಯಾಡುವ ಜಾಗ, ಕೈಗೆಟುಕುವ ಫೈರ್ ಎಕ್ಸ್‌ಟಿಂಗ್ವಿಶರ್, ಅರ್ಧಕ್ಕಿಂತ ಕಡಿಮೆ ತುಂಬಿದ ಟ್ಯಾಂಕ್. ಪಂಪ್‌ಗೆ ದಾರಿ ಡಿಕ್ಕಿಯ ಕಾರ್ಪೆಟ್ ಕೆಳಗಿನ ಮುಚ್ಚಳದಲ್ಲಿದೆ, ಟ್ಯಾಂಕ್ ಇಳಿಸಬೇಕಿಲ್ಲ.

7. ಹತ್ತು ಡಾಲರಿನ ಪಾರ್ಟ್‌ನಲ್ಲಿ ಉಳಿತಾಯ ಮಾಡಬೇಡಿ.

ಟ್ಯಾಂಕ್ ಒಳಗೆ, ಪೆಟ್ರೋಲಿನಲ್ಲಿ ಮುಳುಗಿರುವ ಹೋಸ್‌ಗೆ ಬೇರೆಯದೇ ಗ್ರೇಡ್ ಇದೆ: ಎಸ್‌ಎಇ 30ಆರ್10. ಸಾಮಾನ್ಯ ಫ್ಯೂಯೆಲ್ ಹೋಸ್ ಹೊರಗಿನಿಂದಲೂ ನೆನೆದು ಮೆತ್ತಗಾಗುತ್ತದೆ, ಬಿರಿಯುತ್ತದೆ. ಸೋರಿದ ಪೆಟ್ರೋಲ್ ಟ್ಯಾಂಕಿಗೇ ಬೀಳುವುದರಿಂದ ನಿಮಗೆ ವಾಸನೆಯೂ ಬರುವುದಿಲ್ಲ, ಪ್ರೆಶರ್ ಮಾತ್ರ ಕುಸಿಯುತ್ತದೆ. ಸಕ್ಷನ್ ಜಾಲರಿ ಹೊಸದು ಹಾಕಿ. ಫಿಲ್ಟರ್ ಬದಲಾಯಿಸಿ.

ಎಂಜಿನ್ ಕಡೆ ಪಲ್ಸೇಶನ್ ಡ್ಯಾಂಪರ್ ಎಂಬ ಪುಟ್ಟ ಭಾಗವಿದೆ. ಪ್ರೈಮರಿ ಫ್ಯೂಯೆಲ್ ರೈಲಿನಲ್ಲಿ, ಇನ್‌ಟೇಕ್ ಮ್ಯಾನಿಫೋಲ್ಡ್ ಅಡಿಯಲ್ಲಿ ಅವಿತಿರುತ್ತದೆ. ಅದರ ಡಯಾಫ್ರಮ್ ಹಳೆಯದಾಗಿ ಬಿರಿದು, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿ ಎಫ್‌ಡಿಗಳು ಬೆಂಕಿಗೆ ಸಿಕ್ಕಿವೆ. ಹೊಸ ಪಂಪ್ ಹಾಕುವ ದಿನವೇ ಇದನ್ನೂ ಬದಲಾಯಿಸಿ. ‘ಮುಂದಿನ ಸಲ ನೋಡೋಣ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಇನ್ನು ರೆಗ್ಯುಲೇಟರ್. ದೊಡ್ಡ ಪಂಪ್ ಐಡ್ಲ್‌ನಲ್ಲಿ ಕಳಿಸುವ ಪೆಟ್ರೋಲಿನಲ್ಲಿ ಹೆಚ್ಚಿನದೆಲ್ಲ ಟ್ಯಾಂಕಿಗೆ ವಾಪಸ್ ಬರಬೇಕು. ಹಳೆಯ ರೆಗ್ಯುಲೇಟರಿನ ಬಾಯಿ ಅದಕ್ಕೆ ಸಾಲದಿದ್ದರೆ ಪ್ರೆಶರ್ ಮೇಲೇರಿ ಐಡ್ಲ್ ರಿಚ್ ಆಗುತ್ತದೆ. 450 ಬೇಡ ಎಂದದ್ದು ಇದಕ್ಕೇ.

8. ‘ನನ್ನಿಂದ ಆಗುತ್ತಾ?’ ಎಂಬ ಅಭ್ಯಾಸ ಬಿಡಿ.

1963ರಲ್ಲಿ ಮಜ್ದಾ ರೋಟರಿ ಸಂಶೋಧನಾ ವಿಭಾಗ ತೆರೆದು ಕೆನಿಚಿ ಯಮಾಮೊಟೊ ಅವರ ಕೈಗೆ ಕೊಟ್ಟಿತು. ತಂಡದಲ್ಲಿ 47 ಎಂಜಿನಿಯರುಗಳು. ಅಪೆಕ್ಸ್ ಸೀಲ್ ನಡುಗಿ ಹೌಸಿಂಗ್ ಗೋಡೆಯ ಮೇಲೆ ಗೀರು ಬೀಳುತ್ತಿತ್ತು. ಅದಕ್ಕೆ ಅವರಿಟ್ಟ ಹೆಸರು ದೆವ್ವದ ಉಗುರು. ಅವರು ಸೀಲಿನ ವಸ್ತು ಬದಲಿಸಿದರು, ಮತ್ತೆ ಟೆಸ್ಟ್ ಮಾಡಿದರು, ಮತ್ತೆ ಬದಲಿಸಿದರು. ಕೊನೆಗೆ ಇಂಗಾಲ-ಅಲ್ಯುಮಿನಿಯಂ ಸೀಲ್ ಗೆದ್ದಿತು. 1967ರಲ್ಲಿ ಕಾಸ್ಮೊ ಸ್ಪೋರ್ಟ್ ರಸ್ತೆಗಿಳಿಯಿತು. ಯಮಾಮೊಟೊ ಮುಂದೆ ಕಂಪನಿಯ ಅಧ್ಯಕ್ಷರಾದರು. ನಿಮ್ಮ ಕೈಲಿರುವುದು ಒಂದು ಪಂಪ್, ಒಂದು ರಿಲೇ, ನಾಲ್ಕು ಕ್ಲ್ಯಾಂಪ್. ಅನುಮಾನ ಬಂದ ಕಡೆ ಗೇಜ್ ಹಾಕಿ. ಸಂಖ್ಯೆ ಕಂಡ ಕೂಡಲೇ ಅನುಮಾನ ಜಾಗ ಖಾಲಿ ಮಾಡುತ್ತದೆ.

9. ಲಾಗ್ ನೋಡದೆ ಬೂಸ್ಟ್ ಮುಟ್ಟಬೇಡಿ.

ಫ್ಯೂಯೆಲ್ ಪ್ರೆಶರ್ ಸೆನ್ಸರ್ ಹಾಕಿ. ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಹಾಕಿ. ಎರಡನ್ನೂ ಬೂಸ್ಟ್ ಜೊತೆಗೇ ರೆಕಾರ್ಡ್ ಮಾಡಿ. ಬೂಸ್ಟ್ ಎಷ್ಟು ಏರುತ್ತದೋ ಫ್ಯೂಯೆಲ್ ಪ್ರೆಶರ್ ಅಷ್ಟೇ ಏರಬೇಕು. ಏರುತ್ತ ಹೋಗಿ ಮೇಲಿನ ಆರ್‌ಪಿಎಂನಲ್ಲಿ ಬಾಗಿದರೆ ಪಂಪ್, ವೈರಿಂಗ್ ಅಥವಾ ಫಿಲ್ಟರ್ ಕೈಕೊಡುತ್ತಿದೆ; ಆ ಕ್ಷಣವೇ ಆಕ್ಸಿಲರೇಟರ್ ಬಿಡಿ. ಫುಲ್ ಬೂಸ್ಟ್‌ನಲ್ಲಿ ಏರ್-ಫ್ಯೂಯೆಲ್ ರೇಶಿಯೊ 11ರ ಆಸುಪಾಸು ಇರಲಿ. ಪಿಸ್ಟನ್ ಎಂಜಿನ್ ಟ್ಯೂನ್ ಮಾಡಿ ಅಭ್ಯಾಸವಾದವರಿಗೆ ಇದು ದುಂದು ಎನಿಸುತ್ತದೆ. ಎನಿಸಲಿ. ಟ್ರ್ಯಾಕ್‌ಗೆ ಹೋಗುವವರು ತಿರುವಿನಲ್ಲಿ ಪ್ರೆಶರ್ ಬೀಳುತ್ತದೆಯೇ ಎಂದು ಬೇರೆಯಾಗಿ ನೋಡಿ. ಬಿದ್ದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಪಕ್ಕಕ್ಕೆ ಸರಿದು ಪಂಪ್ ಗಾಳಿ ಎಳೆಯುತ್ತಿದೆ ಎಂದರ್ಥ, ಸರ್ಜ್ ಟ್ಯಾಂಕ್ ಬೇಕು.

ಸ್ಟಾಕ್ ಬೂಸ್ಟ್‌ನಲ್ಲಿ ಪ್ರೆಶರ್ ಗೆರೆ ನೆಟ್ಟಗೆ ನಿಂತ ಲಾಗ್ ಕೈಗೆ ಬಂದ ಮೇಲೆ, ರೋಟರಿ ಬಲ್ಲ ಟ್ಯೂನರ್‌ಗೆ ಫೋನ್ ಮಾಡಿ ಡೈನೊ ಬುಕ್ ಮಾಡಿ. ಅಲ್ಲಿಯವರೆಗೆ ಬೂಸ್ಟ್ ಕಂಟ್ರೋಲರ್ ಅದರ ಡಬ್ಬಿಯಲ್ಲೇ ಇರಲಿ.